ಹೊಲಿಗೆ ಬಿಚ್ಚಿದ ಗುರುತು

ಜನವರಿ 6

ಅಂಗಡಿಯವರು ಹೊಸ ವರ್ಷದ ಹೆಸರಲ್ಲಿ ಕೆಲಸದವರಿಗೆಲ್ಲ ಒಂದೊಂದು ಡೈರಿ ಹಂಚಿದರು. ಸಿಹಿಯಿಲ್ಲ, ರಜೆಯಿಲ್ಲ, ಡೈರಿ. ದಿನವೂ ಕಣ್ಣಿಗೆ ಬಿದ್ದ ಅನುಮಾನದ ವಿಷಯಗಳನ್ನು ಬರೆದಿಡಬೇಕೆಂದು ಸೂಪರ್‌ವೈಸರ್‌ನ ಅಪ್ಪಣೆ. ಬಟ್ಟೆ ಅಂಗಡಿಯ ಬಾಗಿಲಲ್ಲಿ ನಿಂತು ಹೆಂಗಸರ ಬ್ಯಾಗು ತಪಾಸಣೆ ಮಾಡುವವಳು ನಾನು. ಅನುಮಾನ ಪಡುವುದೇ ನನ್ನ ಉದ್ಯೋಗ. ಆದರೆ ಅಂಗಡಿಯ ಅನುಮಾನವನ್ನು ಮನೆಗೆ ಹೊತ್ತು ತಂದು ಬರೆಯಲು ನನಗೇನು ತಲೆ ಕೆಟ್ಟಿದೆಯೇ? ಮನೆಯಲ್ಲೇ ಬೇಕಾದಷ್ಟಿದೆ.

ಮಗಳು ಬದಲಾಗಿದ್ದಾಳೆ. ಮೊದಲೆಲ್ಲ ಚಪ್ಪಲಿ ಬಿಡುವುದಕ್ಕೂ ಮುಂಚೆ ಬಾಯಿ ಬಿಡುತ್ತಿದ್ದಳು. ಬಸ್ಸಿನಲ್ಲಿ ಯಾರು ಯಾರ ಕಾಲು ತುಳಿದರು ಎನ್ನುವವರೆಗೆ ವರದಿ ಬರುತ್ತಿತ್ತು. ಕಾಲೇಜು ಸೇರಿದ ಮೇಲೆ ಬಾಯಿಗೆ ಬೀಗ. ಬಾಗಿಲ ಹಿಂದಿನ ಮೊಳೆಗೆ ಬ್ಯಾಗು ನೇತುಹಾಕುತ್ತಿದ್ದವಳು ಈಗ ಮಂಚದ ಕೆಳಗೆ, ಗೋಡೆಯ ತನಕ ತಳ್ಳುತ್ತಾಳೆ. ಬ್ಯಾಗಿನ ಜಾಗ ಬದಲಾಯಿತು ಎಂದರೆ ಒಳಗಿರುವುದೂ ಬದಲಾಗಿದೆ ಎಂದೇ ಅರ್ಥ. ಇದನ್ನು ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಕೆಲಸಕ್ಕೆ ಸೇರಿದ ಮೊದಲ ದಿನವೇ ಸೂಪರ್‌ವೈಸರ್ ಹೇಳಿದ್ದ: ‘ಮುಖ ನೋಡ್ಬೇಡಿ, ಬ್ಯಾಗ್ ನೋಡಿ. ಮುಖ ಸುಳ್ಳು ಹೇಳುತ್ತೆ.’ ಅವನು ಹೇಳಿದ್ದರಲ್ಲಿ ನಾನು ಒಪ್ಪಿಕೊಂಡದ್ದು ಅದೊಂದೇ.

ಜನವರಿ 7

ಇವತ್ತು ಬುಧವಾರ, ಇವತ್ತೂ ತಡ. ಎಲ್ಲಿದ್ದೆ ಎಂದು ಕೇಳಿದ್ದಕ್ಕೆ ಅಡುಗೆಮನೆಯ ಕಡೆ ನೋಡುತ್ತ ಉತ್ತರ ಕೊಟ್ಟಳು. ಕಾಲೇಜಿನಲ್ಲಿ ಒಬ್ಬ ಮೇಡಂ ಇದ್ದಾರಂತೆ, ದಪ್ಪ ಕನ್ನಡಕದವರು, ರಸಾಯನಶಾಸ್ತ್ರ ಹೇಳಿಕೊಡುವವರು. ಮನೆಯಲ್ಲಿ ತಾವೇ ಮೊದಲು ಕಾಲೇಜಿನ ಮೆಟ್ಟಿಲು ಹತ್ತಿದ ಮಕ್ಕಳನ್ನೆಲ್ಲ ಬುಧವಾರ ಬುಧವಾರ ಕೂರಿಸಿಕೊಂಡು ಮಾತಾಡುತ್ತಾರಂತೆ. ಏನು ಮಾತು ಎಂದೆ. ‘ಸುಮ್ನೆ, ಎಲ್ಲಾನೂ’ ಎಂದಳು.

ನಮ್ಮ ಎರಡೂ ಕಡೆಯಲ್ಲಿ ಇವಳೇ ಮೊದಲು, ಅದು ನಿಜ. ನಾನು ಏಳನೇ ತರಗತಿಗೇ ಶಾಲೆಗೆ ಶರಣು ಹೊಡೆದವಳು. ನಮ್ಮ ಯಜಮಾನರು ಅದಕ್ಕೂ ಮುಂಚೆಯೇ ಬೇಕರಿಯ ಹಿಟ್ಟಿನ ಮೂಟೆ ಹೊತ್ತವರು. ಆದರೆ ಅದನ್ನು ಕಾಲೇಜಿಗೆ ಹೇಳಿದವರು ಯಾರು? ನಮ್ಮಂಥವರ ಮಕ್ಕಳನ್ನೇ ಆರಿಸಿ ಬೇರೆ ಕೂರಿಸುವುದೆಂದರೇನು? ಅಂಗಡಿಯಲ್ಲೂ ಹಾಗೆಯೇ, ಯಾರ ಮೇಲೆ ಅನುಮಾನವೋ ಅವರನ್ನು ಪಕ್ಕಕ್ಕೆ ಕರೆದು ನಿಲ್ಲಿಸುತ್ತೇವೆ. ಸಂಬಳದ ಗಂಟೆ ಮುಗಿದ ಮೇಲೂ ಊರವರ ಮಕ್ಕಳ ಜೊತೆ ಕೂರುವ ಮೇಷ್ಟ್ರನ್ನು ನಾನಂತೂ ಕಂಡಿಲ್ಲ. ಏನೋ ಲಾಭವಿದೆ, ನಮಗೆ ಕಾಣುತ್ತಿಲ್ಲ ಅಷ್ಟೆ.

ಇವರಿಗೆ ಹೇಳಿದೆ. ‘ಒಳ್ಳೇದೇ ಅಲ್ವೇನೆ, ನಾಲ್ಕು ಮಾತು ಹೇಳ್ಕೊಡ್ತಾರೆ’ ಎಂದು ಮಗ್ಗುಲು ಬದಲಿಸಿ ಮಲಗಿದರು. ಒಲೆಯ ಮುಂದೆ ನಿಂತು ನಿಂತು ಇವರಿಗೆ ಪ್ರಪಂಚವೆಲ್ಲ ಹದವಾಗಿ ಬೆಂದ ಹಾಗೇ ಕಾಣುತ್ತದೆ.

ಜನವರಿ 16

ಇವತ್ತು ಒಬ್ಬಳನ್ನು ಹಿಡಿದೆ. ಒಳ್ಳೆಯ ಮನೆಯವಳ ಹಾಗಿದ್ದಳು. ಬ್ಯಾಗಿನ ತಳದಲ್ಲಿ ಒಂದು ಮೇಲಂಗಿ. ನನ್ನದೇ, ಮನೆಯಿಂದ ತಂದದ್ದು ಎಂದು ಗದರಿಸಿದಳು. ನಾನು ಕಾಲರ್ ಮಡಚಿ ತೋರಿಸಿದೆ. ಅಂಗಡಿಯ ಪಟ್ಟಿ ಇದ್ದ ಜಾಗದಲ್ಲಿ ಹೊಲಿಗೆ ಬಿಚ್ಚಿದ ಸೂಜಿ ತೂತುಗಳ ಸಾಲು. ಬಟ್ಟೆ ಕದಿಯುವವರು ಮೊದಲು ಬಿಚ್ಚುವುದು ಹೆಸರನ್ನು. ತೂತು ಮಾತ್ರ ಮುಚ್ಚಲು ಬರುವುದಿಲ್ಲ. ಸೂಪರ್‌ವೈಸರ್ ಭೇಷ್ ಎಂದ.

ಆಕೆಯನ್ನು ಹಿಂದಿನ ಕೋಣೆಯ ಸ್ಟೂಲಿನ ಮೇಲೆ ಕೂರಿಸಿದರು. ಅಲ್ಲಿ ಕೂತ ಮೇಲೆ ಎಲ್ಲರೂ ಒಂದೇ ತರಹ ಕಾಣುತ್ತಾರೆ.

ಊಟದ ಹೊತ್ತಿನಲ್ಲಿ ಟ್ರಯಲ್ ರೂಮಿನವಳು ತನ್ನ ಅಕ್ಕನ ಮಗನ ಸುದ್ದಿ ತೆಗೆದಳು. ನರ್ಸಿಂಗ್ ಸೇರಿದ್ದಾನೆ, ಬಿಳಿ ಕೋಟು ಹೊಲಿಸಿದ್ದಾರೆ. ನನಗೆ ನಗು ಬಂತು. ನಮ್ಮವಳೂ ಕಾಲೇಜು ಸೇರಿದ ವಾರದಲ್ಲೇ ಬಿಳಿ ಕೋಟು ಬೇಕು ಎಂದು ರಾಗ ಎಳೆದಿದ್ದಳು. ‘ನೀನೇನು ಡಾಕ್ಟರ್ ಓದ್ತಿದೀಯಾ? ಕೋಟು ಹಾಕ್ಕೊಂಡು ಯಾರಿಗೆ ತೋರಿಸ್ಬೇಕು?’ ಎಂದು ಒಂದೇ ಮಾತಿಗೆ ಸುಮ್ಮನಾಗಿಸಿದ್ದೆ. ಮತ್ತೆ ಆ ಸುದ್ದಿ ಎತ್ತಲಿಲ್ಲ. ಬಿಎಸ್ಸಿ ಓದುವವರಿಗೆ ಕೋಟು ಬೇಕಿಲ್ಲ ಎಂಬುದು ನನಗೂ ಗೊತ್ತಾಗುತ್ತದೆ, ಅಷ್ಟು ದಡ್ಡಿಯಲ್ಲ ನಾನು.

ಟ್ರಯಲ್ ರೂಮಿನವಳು ಹೇಳಿದಳು, ಮಾತು ಕಡಿಮೆಯಾದ ಹುಡುಗಿಯ ಮೇಲೆ ಒಂದು ಕಣ್ಣಿಟ್ಟಿರಬೇಕಂತೆ. ನಾನು ಎರಡೂ ಇಟ್ಟಿದ್ದೇನೆ ಎಂದೆ.

ಫೆಬ್ರವರಿ 2

ಇದನ್ನು ಬರೆಯದಿದ್ದರೆ ಯಾರಿಗೆ ಹೇಳಲಿ?

ಅವಳು ಸ್ನಾನಕ್ಕೆ ಹೋದಾಗ ಮಂಚದ ಕೆಳಗಿನ ಬ್ಯಾಗು ಎಳೆದೆ. ಅಂಗಡಿಯಲ್ಲಿ ಮಾಡುವ ಹಾಗೆಯೇ ಮಾಡಿದೆ: ಮೊದಲು ತಳ, ಆಮೇಲೆ ಪಕ್ಕದ ಜೇಬು, ಕೊನೆಗೆ ಮೇಲಿನದು. ತಳದಲ್ಲಿ ಸಣ್ಣಗೆ ಮಡಚಿಟ್ಟ ಒಂದು ಬಿಳಿ ಕೋಟು. ಹೊಸದಲ್ಲ, ಹಳೆಯದೂ ಅಲ್ಲ. ಒಳ್ಳೆಯ ಬಟ್ಟೆ. ಕಾಲರ್ ಮಡಚಿದೆ. ಹೆಸರಿನ ಪಟ್ಟಿ ಇಲ್ಲ. ಪಟ್ಟಿ ಇದ್ದ ಜಾಗದಲ್ಲಿ ಸೂಜಿ ತೂತುಗಳ ಸಾಲು.

ಪಕ್ಕದ ಜೇಬಿನಲ್ಲಿ ಒಂದು ಕ್ಯಾಲ್ಕುಲೇಟರ್, ಎಷ್ಟೋ ಗುಂಡಿಗಳದು, ನಾವು ಕೊಡಿಸಿದ್ದಲ್ಲ. ಬೆನ್ನಿನ ಮೇಲೆ ಏನೋ ಬರೆದಿದ್ದನ್ನು ಕೆರೆದು ತೆಗೆದಿದ್ದಾರೆ.

ಹೇಗಿತ್ತೋ ಹಾಗೇ ಮಡಚಿ ಇಟ್ಟೆ. ಅವಳು ತಲೆ ಒರೆಸಿಕೊಳ್ಳುತ್ತ ಬಂದು ತಿಂಡಿ ಏನಮ್ಮ ಎಂದಳು. ಎಷ್ಟು ಸಲೀಸಾಗಿ ಕೇಳಿದಳು! ಮುಖದಲ್ಲಿ ಏನೂ ಇಲ್ಲ. ಏನೂ ಇಲ್ಲದಿರುವುದೇ ಕೆಟ್ಟದ್ದು.

ಫೆಬ್ರವರಿ 3

ಬಲೆ ಬೀಸಿ ನೋಡಿದೆ. ತಟ್ಟೆ ಎತ್ತುತ್ತ, ಸುಮ್ಮನೆ ಕೇಳುವವಳ ಹಾಗೆ, ಕಾಲೇಜಿನವರು ನಿಮಗೇನಾದರೂ ಸಾಮಾನು ಗೀಮಾನು ಕೊಡುತ್ತಾರಾ ಎಂದೆ. ಇಲ್ಲಮ್ಮ ಎಂದಳು. ಸ್ನೇಹಿತರು ಕೊಡುತ್ತಾರಾ? ಇಲ್ಲ. ‘ಯಾಕಮ್ಮ?’ ಎಂದಳು. ನಾನು ಪಾತ್ರೆ ತೊಳೆಯುವುದಕ್ಕೆ ತಿರುಗಿದೆ.

ಈ ಮನೆಗೆ ಬೇರೆಯವರ ಒಂದು ಗುಂಡುಸೂಜಿಯೂ ಬರಬಾರದು ಎಂದು ಅವಳು ನಡೆಯಲು ಕಲಿತಾಗಿನಿಂದ ಹೇಳುತ್ತ ಬಂದಿದ್ದೇನೆ. ಊರ ಬ್ಯಾಗು ನೋಡುವವಳ ಮನೆ ಇದು. ನನ್ನ ಮಗಳೇ ಹೀಗೆ ಅಂದರೆ ನಾನು ಯಾವ ಮುಖ ಇಟ್ಟುಕೊಂಡು ಬಾಗಿಲಲ್ಲಿ ನಿಲ್ಲಲಿ?

ಫೆಬ್ರವರಿ 11

ಬುಧವಾರ. ತಡ.

ಫೆಬ್ರವರಿ 18

ಬುಧವಾರ. ತಡ. ಬ್ಯಾಗು ಉಬ್ಬಿತ್ತು. ನೋಡಿದರೆ ಒಂದು ದಪ್ಪ ಪುಸ್ತಕ, ಮೊದಲ ಹಾಳೆಯ ಮೂಲೆ ಹರಿದಿದೆ. ಹೆಸರು ಬರೆಯುವ ಮೂಲೆ.

ಆ ಕನ್ನಡಕದ ಮೇಡಂ ಮೇಲೆ ನನಗೆ ಈಗ ಬೇರೆ ಅನುಮಾನ. ಬುಧವಾರವೇ ಸಾಮಾನು ಬರುತ್ತದೆ. ದೊಡ್ಡವರು ಹಿಂದೆ ನಿಂತು ಚಿಕ್ಕವರ ಕೈಯಲ್ಲಿ ಮಾಡಿಸುವುದನ್ನು ಅಂಗಡಿಯಲ್ಲಿ ಕಂಡಿದ್ದೇನೆ. ಸಿಕ್ಕಿಬಿದ್ದರೆ ಅಳುವವರು ಚಿಕ್ಕವರು.

ಮಾರ್ಚ್ 14

ಇವರಿಗೆ ಎಲ್ಲ ಹೇಳಿದೆ. ಬೈದಾರು ಎಂದುಕೊಂಡಿದ್ದೆ, ನಕ್ಕುಬಿಟ್ಟರು. ನಮ್ಮ ಮಗಳು ಕದಿಯುತ್ತಾಳಾ, ಬೇಕರಿಯಲ್ಲಿ ಉಳಿದ ಬನ್ನು ತಂದರೂ ಮಾಲೀಕರನ್ನು ಕೇಳಿದೆಯಾ ಅಪ್ಪ ಎನ್ನುವವಳು ಅವಳು ಎಂದರು. ‘ಅವಳನ್ನೇ ಕೇಳ್ಬಿಡು.’

ಕೇಳುವುದಂತೆ! ಕೇಳಿದವರಿಗೆಲ್ಲ ಉತ್ತರ ಸಿಗುತ್ತದೆ. ದಿನಕ್ಕೆಷ್ಟು ಉತ್ತರ ಕೇಳುತ್ತೇನೆ ನಾನು. ಅಕ್ಕ ಕೊಟ್ಟದ್ದು, ಹಳೆಯದು, ಬದಲಾಯಿಸಲು ತಂದದ್ದು. ಕೇಳಿದ ಮೇಲೆ ಅವಳು ಸುಳ್ಳು ಹೇಳಿದರೆ? ಅದನ್ನು ನನ್ನ ಕಿವಿಯಿಂದ ಕೇಳಬೇಕಲ್ಲ. ಕೇಳದೆ ಇದ್ದರೆ ಒಂದೇ ನೋವು.

ಕಣ್ಣು ಮುಚ್ಚಿದರೆ ಆ ಸ್ಟೂಲು ಕಾಣುತ್ತದೆ. ಅದರ ಮೇಲೆ ನನ್ನ ಮಗಳು. ಎದುರಿಗೆ ಯಾರೋ ನನ್ನಂಥವಳು ಕೋಟಿನ ಕಾಲರ್ ಮಡಚಿ ತೋರಿಸುತ್ತಿದ್ದಾಳೆ. ದೊಡ್ಡವರ ಮಕ್ಕಳು ಸಿಕ್ಕಿಬಿದ್ದರೆ ಅಪ್ಪ ಬಂದು ಮಾತಾಡುತ್ತಾನೆ, ಮುಗಿಯುತ್ತದೆ. ನಮ್ಮವಳು ಸಿಕ್ಕಿಬಿದ್ದರೆ ಕಾಲೇಜೂ ಇಲ್ಲ, ಮತ್ತೊಂದು ಕಾಲೇಜೂ ಇಲ್ಲ. ಅವಳು ಅಲ್ಲಿಂದ ಹೊರಬಿದ್ದರೆ ನಮ್ಮ ಕಡೆಯಿಂದ ಇನ್ನು ಯಾರೂ ಆ ಮೆಟ್ಟಿಲು ಹತ್ತುವುದಿಲ್ಲ. ಭಯವಾಗುತ್ತದೆ ನನಗೆ. ಸಿಟ್ಟಿಗಿಂತ ಭಯವೇ ಹೆಚ್ಚು.

ಏಪ್ರಿಲ್ 7

ದಾರಿ ಹೊಳೆದಿದೆ. ಅವಳು ಸಿಕ್ಕಿಬೀಳುವ ಮೊದಲೇ ಸಾಮಾನು ವಾಪಸು ಹೋಗಬೇಕು. ಅವಳ ಹೆಸರು ಬರಬಾರದು. ನಾನೇ ಕಾಲೇಜಿಗೆ ಹೋಗಿ, ಬಸ್ಸಿನಲ್ಲಿ ಸಿಕ್ಕಿತು, ನಿಮ್ಮ ಹುಡುಗರದ್ದಿರಬೇಕು ಎಂದು ಕೊಟ್ಟು ಬರುತ್ತೇನೆ. ನಾಳೆಯೇ ಸರಿ. ನಾಳೆ ಅದೇನೋ ಪ್ರಾಕ್ಟಿಕಲ್ ಪರೀಕ್ಷೆಯಂತೆ, ಎಲ್ಲರ ಗಮನ ಅಲ್ಲಿರುತ್ತದೆ, ನನ್ನನ್ನು ಯಾರೂ ಕೆದಕುವುದಿಲ್ಲ.

ಪ್ರಾಕ್ಟಿಕಲ್ ಎಂದರೇನು ಎಂದು ಕೇಳಿದೆ. ಕೈಯಲ್ಲಿ ಮಾಡಿ ತೋರಿಸುವುದು ಎಂದಳು. ಹೊರಗಿನಿಂದ ಒಬ್ಬರು ಪರೀಕ್ಷಕರು ಬರುತ್ತಾರೆ, ಇದು ಹೋದರೆ ವರ್ಷವೇ ಹೋದ ಹಾಗೆ ಎಂದೂ ಹೇಳಿದಳು. ಬೇಗ ಮಲಗು ಎಂದೆ. ಎಷ್ಟೋ ದಿನದ ಮೇಲೆ ಅಷ್ಟು ಮಾತಾಡಿದ್ದು.

ಏಪ್ರಿಲ್ 8

ಅಂಗಡಿಗೆ ಹೋಗಲಿಲ್ಲ. ಮಧ್ಯಾಹ್ನದಿಂದ ಇಲ್ಲೇ ಕೂತಿದ್ದೇನೆ. ಒಂದೊಂದಾಗಿ ಬರೆಯುತ್ತೇನೆ, ಇಲ್ಲದಿದ್ದರೆ ತಲೆಯಲ್ಲಿ ಎಲ್ಲ ಕಲಸಿಹೋಗುತ್ತದೆ.

ಬೆಳಿಗ್ಗೆ ಅವಳು ಸ್ನಾನಕ್ಕೆ ಹೋದಾಗ ಕೋಟು, ಕ್ಯಾಲ್ಕುಲೇಟರ್ ಎರಡನ್ನೂ ತೆಗೆದು ನನ್ನ ಕೈಚೀಲಕ್ಕೆ ಹಾಕಿಕೊಂಡೆ. ಪುಸ್ತಕ ಸಿಗಲಿಲ್ಲ, ಎಲ್ಲೋ ಕೊಟ್ಟಿರಬೇಕು. ಬ್ಯಾಗು ತೆಳ್ಳಗಾದದ್ದು ಗೊತ್ತಾಗಬಾರದೆಂದು ತಳಕ್ಕೆ ಒಂದು ಟವಲ್ ಮಡಚಿಟ್ಟೆ. ಇಂಥ ಉಪಾಯಗಳನ್ನು ನನಗೆ ಕಲಿಸಿದವರು ಗಿರಾಕಿಗಳು. ಅವಳು ಬ್ಯಾಗು ಹೆಗಲಿಗೇರಿಸಿ ಹೊರಟಳು. ಹಿಂದಿನ ಬಸ್ಸಿಗೆ ನಾನು.

ಕಾಲೇಜಿನ ಗೇಟಿನಲ್ಲಿ ಕಾವಲುಗಾರ ಕೂತಿದ್ದ. ಚೀಲ ತೋರಿಸಿ ಎಂದ. ಇಷ್ಟು ವರ್ಷಗಳಲ್ಲಿ ನನ್ನ ಚೀಲಕ್ಕೆ ಯಾರೂ ಕೈ ಹಾಕಿರಲಿಲ್ಲ. ಅವನು ಮೊದಲು ಮೇಲಿನದು ನೋಡಿದ, ತಳ ಆಮೇಲೆ. ಕೆಲಸ ಬರುವುದಿಲ್ಲ ಅವನಿಗೆ. ಆದರೂ ಕೋಟು ಸಿಕ್ಕಿತು. ಯಾರದಮ್ಮ ಇದು ಎಂದ. ಬಸ್ಸಿನಲ್ಲಿ ಸಿಕ್ಕಿದ್ದು ಎಂದೆ. ಹಾಗಾದರೆ ಆಫೀಸಿನವರು ಬರುವ ತನಕ ಕೂತಿರಿ ಎಂದು ಬೆಂಚು ತೋರಿಸಿ, ಕೋಟನ್ನೂ ಕ್ಯಾಲ್ಕುಲೇಟರನ್ನೂ ತನ್ನ ಮೇಜಿನ ಮೇಲೆ ಇಟ್ಟುಕೊಂಡ.

ಕೂತೆ. ಎದುರಿಗೆ ಮೈದಾನ, ಅದರಾಚೆ ಉದ್ದನೆಯ ಕಟ್ಟಡ. ಹುಡುಗ ಹುಡುಗಿಯರು ಒಬ್ಬೊಬ್ಬರೇ ಮೆಟ್ಟಿಲು ಹತ್ತಿ ಒಳಗೆ ಹೋಗುತ್ತಿದ್ದರು. ಎಲ್ಲರ ಮೈಮೇಲೂ ಬಿಳಿ ಕೋಟು. ಇವರೆಲ್ಲ ಡಾಕ್ಟರ್ ಓದುವವರೇ ಎಂದು ಕಾವಲುಗಾರನನ್ನು ಕೇಳಿದೆ. ‘ಅಯ್ಯೋ ಇಲ್ಲಿ ಡಾಕ್ಟರ್ ಎಲ್ಲಿ ಬಂತು? ಬಿಎಸ್ಸಿ ಮಕ್ಕಳು. ಕೋಟಿಲ್ದೆ ಲ್ಯಾಬಿಗೆ ಬಿಡಲ್ಲ, ಆಸಿಡ್ ಗೀಸಿಡ್ ಇರುತ್ತಲ್ಲ’ ಎಂದ.

ಆಗ ಅವಳು ಕಂಡಳು. ಮೆಟ್ಟಿಲ ಮೇಲೆ ಮಂಡಿಯೂರಿ ಕೂತು ಬ್ಯಾಗಿನಲ್ಲಿದ್ದದ್ದನ್ನೆಲ್ಲ ನೆಲಕ್ಕೆ ಸುರಿಯುತ್ತಿದ್ದಳು. ಟವಲ್ ಎತ್ತಿ ನೋಡಿದಳು. ಮತ್ತೆ ಬ್ಯಾಗನ್ನು ತಲೆಕೆಳಗು ಮಾಡಿ ಕೊಡವಿದಳು, ಏನೂ ಇರಲಿಲ್ಲ. ಬಾಗಿಲಲ್ಲಿ ಒಬ್ಬ ಮನುಷ್ಯ ನಿಂತು ಗಡಿಯಾರ ನೋಡುತ್ತಿದ್ದ. ಅವಳು ಎದ್ದು ಏನೋ ಹೇಳಿದಳು. ಅವನು ತಲೆ ಅಲ್ಲಾಡಿಸಿದ.

ನಾನು ಏನು ಯೋಚಿಸಿದೆ ಎಂದು ಈಗ ಕೂತು ನೆನೆದರೂ ನೆನಪಾಗುತ್ತಿಲ್ಲ. ಅದು ಕದ್ದ ಮಾಲು ಎಂದೇ ನಂಬಿದ್ದೆ. ಕೊಟ್ಟರೆ ಎಲ್ಲರೆದುರು ಅವಳ ಮೈಮೇಲೆ ನಾನೇ ಕದ್ದ ಮಾಲು ಹೊದಿಸಿದ ಹಾಗೆ ಎಂಬುದೂ ಗೊತ್ತಿತ್ತು. ಮೇಜಿನ ಮೇಲಿದ್ದದ್ದನ್ನು ಬಾಚಿಕೊಂಡು ಓಡಿದೆ. ಕಾವಲುಗಾರ ಹಿಂದಿನಿಂದ ಕೂಗುತ್ತಿದ್ದ. ನನ್ನ ಜನ್ಮದಲ್ಲಿ ಮೊದಲ ಸಲ ತಪಾಸಣೆಯವನ ಕೈಯಿಂದ ಸಾಮಾನು ಕಿತ್ತುಕೊಂಡು ಓಡಿದೆ.

ಅವಳು ನನ್ನನ್ನು ನೋಡಿದಳು, ಕೋಟು ನೋಡಿದಳು. ತೋಳು ಚಾಚಿದಳು, ತೊಡಿಸಿದೆ. ಚಿಕ್ಕವಳಿದ್ದಾಗ ಶಾಲೆಗೆ ಹೊರಡಿಸುತ್ತಿದ್ದ ಹಾಗೆ ಗುಂಡಿ ಹಾಕಿದೆ. ಅವಸರದಲ್ಲಿ ಒಂದು ಗುಂಡಿ ತಪ್ಪಿತು. ಕ್ಯಾಲ್ಕುಲೇಟರ್ ಜೇಬಿಗೆ ತುರುಕಿದೆ. ಅವಳು ಒಳಗೆ ಹೋದಳು, ಬಾಗಿಲು ಮುಚ್ಚಿತು. ನಾನು ಮೆಟ್ಟಿಲ ಮೇಲೆ ಬಿದ್ದಿದ್ದ ಪೆನ್ನು, ಟವಲ್ ಎಲ್ಲ ಆರಿಸಿ ಬ್ಯಾಗಿಗೆ ತುಂಬುತ್ತ ಕೂತೆ.

ಕಾವಲುಗಾರ ಏದುಸಿರು ಬಿಡುತ್ತ ಬಂದ. ಅವನ ಕೂಗು ಕೇಳಿ ಪಕ್ಕದ ಕೋಣೆಯಿಂದ ದಪ್ಪ ಕನ್ನಡಕದ ಹೆಂಗಸೊಬ್ಬರು ಬಂದರು. ಸಿಕ್ಕಿದ್ದು ಅಂದರು, ಆಮೇಲೆ ಕಿತ್ತುಕೊಂಡು ಓಡಿದರು ಎಂದು ಅವನ ದೂರು. ನಾನು ಕೈ ಮುಗಿದೆ. ‘ನನ್ನ ಮಗಳನ್ನ ಏನೂ ಮಾಡ್ಬೇಡಿ. ಕದ್ದಿದ್ರೆ ಅದು ಬೆಳೆಸಿದವಳ ತಪ್ಪು. ನನ್ನನ್ನ ಬೇಕಾದ್ರೆ ಕೂರಿಸ್ಕೊಳ್ಳಿ’ ಎಂದೆ.

ಆಕೆಗೆ ಅರ್ಥವಾಗಲು ಹೊತ್ತು ಹಿಡಿಯಿತು. ಆಮೇಲೆ ಮೆಟ್ಟಿಲ ಮೇಲೆ ನನ್ನ ಪಕ್ಕದಲ್ಲೇ ಕೂತರು.

‘ಕದ್ದಿದ್ದಾ? ಅಮ್ಮಾ, ಆ ಕೋಟು ಅವಳಿಗೆ ಅಳತೆ ನೋಡಿ ಕೊಟ್ಟಿದ್ದು ನಾನೇ.’

‘ಹೆಸರಿನ ಪಟ್ಟಿ ಬಿಚ್ಚಿದಾರೆ. ನಾನು ನೋಡಿದೀನಿ.’

‘ಅದನ್ನ ಬಿಚ್ಚಿದ್ದೂ ನಾನೇ. ಇದು ಯಾರದು ಅಂತ ಯಾರೂ ಅವಳನ್ನ ಕೇಳ್ಬಾರದು ಅಂತ.’

ಆಕೆಯ ಕೋಣೆಯಲ್ಲಿ ಒಂದು ಬೀರು ಇದೆಯಂತೆ. ಓದು ಮುಗಿಸಿ ಹೋದವರು ಬಿಟ್ಟುಹೋದ ಕೋಟು, ಪುಸ್ತಕ, ಕ್ಯಾಲ್ಕುಲೇಟರ್. ಬೇಕಾದವರು ಒಯ್ದು, ಮುಗಿದ ಮೇಲೆ ತಂದಿಡುತ್ತಾರೆ. ಇವತ್ತು ಪರೀಕ್ಷೆ, ಬೀರು ಪೂರ್ತಿ ಖಾಲಿ. ನಾನು ಓಡಿ ಬರದಿದ್ದರೆ ಕೊಡಲು ಇನ್ನೊಂದು ಕೋಟು ಇರಲಿಲ್ಲ ಎಂದರು. ನಾನೇ ತೆಗೆದುಕೊಂಡು ಹೋಗದಿದ್ದರೆ ಓಡುವ ಪ್ರಸಂಗವೂ ಇರಲಿಲ್ಲ ಎಂದು ಆಕೆ ಹೇಳಲಿಲ್ಲ. ಹೇಳಿದ್ದರೆ ವಾಸಿಯಾಗಿತ್ತು.

ಮತ್ತೆ ಮಗಳು ನನಗೆ ಯಾಕೆ ಹೇಳಲಿಲ್ಲ ಎಂದು ಕೇಳಿದೆ. ಅದನ್ನು ಅವಳನ್ನೇ ಕೇಳಿ ಎಂದರು. ಮನೆಯಲ್ಲಿ ಇವರೂ ಅದೇ ಹೇಳಿದ್ದರು.

ಏಪ್ರಿಲ್ 11

ಮಗಳು ಮಾತಾಡುತ್ತಿಲ್ಲ. ಊಟ ಮಾಡುತ್ತಾಳೆ, ತಟ್ಟೆ ತೊಳೆಯುತ್ತಾಳೆ, ಓದುತ್ತಾಳೆ. ಬ್ಯಾಗನ್ನು ಬಾಗಿಲ ಹಿಂದಿನ ಮೊಳೆಗೆ ಹಾಕಿದ್ದಾಳೆ, ಬಾಯಿ ತೆರೆದೇ. ನೋಡಿಕೋ ಎನ್ನುವ ಹಾಗೆ. ನಾನು ಆ ಕಡೆ ತಿರುಗಿಯೂ ನೋಡುತ್ತಿಲ್ಲ.

ಏಪ್ರಿಲ್ 12

ಭಾನುವಾರ. ಇವರೇ ಇಬ್ಬರನ್ನೂ ಎದುರು ಬದುರು ಕೂರಿಸಿ ಟೀ ಕೊಟ್ಟು, ನನಗೆ ನಿದ್ದೆ ಬರುತ್ತದೆ ಎಂದು ಒಳಗೆ ಹೋದರು. ನಿದ್ದೆ ಮಾಡಲಿಲ್ಲ, ಬಾಗಿಲ ಹಿಂದೆ ನಿಂತಿದ್ದರು, ನೆರಳು ಕಾಣುತ್ತಿತ್ತು.

ಯಾಕೆ ಹೇಳಲಿಲ್ಲ ಎಂದೆ. ಅವಳು ಲೋಟ ಕೆಳಗಿಟ್ಟಳು.

‘ಕೋಟು ಬೇಕು ಅಂತ ಮೊದಲು ನಿನ್ನನ್ನೇ ಕೇಳ್ದೆ. ಡಾಕ್ಟರ್ ಓದ್ತಿದೀಯಾ ಅಂದೆ. ಮೊದಲನೇ ಸೆಮಿಸ್ಟರ್ ಪೂರ್ತಿ ಲ್ಯಾಬಲ್ಲಿ ಬಾಗಿಲ ಹತ್ರ ನಿಂತ್ಕೊಂಡು ಬೇರೆಯವರು ಮಾಡೋದು ನೋಡ್ದೆ. ಒಂದು ಸಾಮಾನೂ ಮುಟ್ಟಲಿಲ್ಲ. ಆಮೇಲೆ ಮೇಡಂ ಕೊಟ್ರು. ಬೇರೆಯವರ ಗುಂಡುಸೂಜಿನೂ ಮನೆಗೆ ಬರಬಾರದು ಅಂತೀಯಲ್ಲ, ಅದಕ್ಕೇ ಮಂಚದ ಕೆಳಗಿಟ್ಟೆ.’

ಅವಳೇ ಮತ್ತೆ ಹೇಳಿದಳು.

‘ಅಂಗಡೀಲಿ ಬ್ಯಾಗ್ ನೋಡಮ್ಮ, ಬೇಡ ಅನ್ನಲ್ಲ. ಮನೇಲಿ ಒಂದು ಸಲ ನನ್ನ ಮುಖ ನೋಡಿ ಕೇಳಿದ್ರೆ ಹೇಳ್ತಿದ್ದೆ.’

ಕಣ್ಣೀರು ಹಾಕದೆ ಹೇಳಿದಳು. ನನಗೆ ನಾಚಿಕೆಯಾಯಿತು. ಒಂದು ಸೆಮಿಸ್ಟರ್ ಪೂರ್ತಿ ಬಾಗಿಲ ಹತ್ತಿರ ನಿಂತಿದ್ದಳಂತೆ, ದಿನವಿಡೀ ಬಾಗಿಲಲ್ಲಿ ನಿಲ್ಲುವ ಕೆಲಸ ನನ್ನೊಬ್ಬಳಿಗೇ ಇರಲಿ ಎಂದು ನಾನು ಇವಳನ್ನು ಓದಿಸುತ್ತಿದ್ದರೆ. ಟೀ ಆರಿಹೋಗಿತ್ತು, ಮತ್ತೆ ಬಿಸಿ ಮಾಡಿಕೊಟ್ಟೆ. ಕುಡಿದಳು.

ಏಪ್ರಿಲ್ 15

ಮಧ್ಯಾಹ್ನದ ಮೇಲೆ ರಜೆ ಕೇಳಿ ಕಾಲೇಜಿಗೆ ಹೋಗಿದ್ದೆ. ಕ್ಷಮೆ ಕೇಳುವುದಕ್ಕಲ್ಲ, ಆ ಬೀರು ಹೇಗಿದೆ ನೋಡೋಣ ಎಂದು. ಕಾವಲುಗಾರ ನನ್ನನ್ನು ಕಂಡದ್ದೇ ಎದ್ದು ನಿಂತು ಮೇಜಿನ ಮೇಲಿದ್ದದ್ದನ್ನೆಲ್ಲ ಹತ್ತಿರ ಎಳೆದುಕೊಂಡ. ಮೊದಲು ತಳ ನೋಡಪ್ಪ ಎಂದು ಚೀಲ ತೆರೆದು ಕೊಟ್ಟೆ.

ಬೀರು ಕಂಡು ಎದೆ ಧಸಕ್ಕೆಂದಿತು. ಬೀಗವಿಲ್ಲ. ಯಾರು ಏನು ಒಯ್ದರು ಎಂದು ಬರೆದುಕೊಳ್ಳುವವರಿಲ್ಲ. ಕೋಣೆಗೆ ಒಂದು ಬಾಗಿಲಿದೆ, ಅದೂ ತೆರೆದೇ ಇರುತ್ತದೆ. ಹೀಗಿಟ್ಟರೆ ಯಾರಾದರೂ ಹೊತ್ತುಕೊಂಡು ಹೋಗುತ್ತಾರೆ ಎಂದೆ. ‘ಹೊತ್ಕೊಂಡು ಹೋಗ್ಲಿ ಅಂತಾನೇ ಇಟ್ಟಿರೋದು’ ಎಂದರು ಕನ್ನಡಕದ ಮೇಡಂ. ಬರೆಸಿಕೊಳ್ಳುವುದಾದರೆ ಯಾರೂ ಬರುವುದಿಲ್ಲವಂತೆ. ತಾವೂ ತಮ್ಮ ಮನೆಯಲ್ಲಿ ಮೊದಲಿಗರು, ಏನು ಬೇಕು ಎಂದು ಹೇಳುವವರಿರಲಿಲ್ಲ, ಕೇಳಲು ನಾಚಿಕೆ, ಹಾಗೆ ಎಷ್ಟೋ ಕಳೆದುಕೊಂಡರಂತೆ. ನಾನು ತಲೆಯಾಡಿಸಿದೆ. ಆದರೂ ಬೀಗವಿಲ್ಲದ ಬೀರು ನನಗೆ ಸರಿಬರುವುದಿಲ್ಲ.

ಬುಧವಾರದ ಮಕ್ಕಳು ಬಂದು ಕೂತರು. ಆಡಳಿತದವರಿಗೆ ಅರ್ಜಿ ಹೇಗೆ ಬರೆಯಬೇಕು, ಪಾಠ ಅರ್ಥವಾಗದಿದ್ದರೆ ಯಾರ ಬಾಗಿಲು ತಟ್ಟಬೇಕು, ಇಂಥ ಮಾತು. ಒಬ್ಬ ಹುಡುಗಿಯ ಕೋಟಿನ ತೋಳು ಹರಿದಿತ್ತು. ಚೀಲದಲ್ಲಿ ಸೂಜಿ ದಾರ ಇತ್ತು, ಸುಮ್ಮನೆ ಕೂರುವುದೇಕೆ ಎಂದು ಹೊಲಿದೆ. ನನ್ನ ಮಗಳು ಅಲ್ಲಿ ಬಾಯಿ ತುಂಬ ಮಾತಾಡುತ್ತಾಳೆ. ಮನೆಗೆ ತರುತ್ತಿದ್ದ ವರದಿಗಳೆಲ್ಲ ಇಲ್ಲಿಗೆ ಬರುತ್ತಿವೆ. ಹೊಟ್ಟೆಕಿಚ್ಚಾಯಿತು.

ಏಪ್ರಿಲ್ 22

ಪರೀಕ್ಷೆ ಮಾಡಿಯೇಬಿಡೋಣ ಎಂದು ನನ್ನ ಛತ್ರಿಯನ್ನು ಬೀರುವಿನಲ್ಲಿಟ್ಟು ಬಂದೆ. ಒಳ್ಳೆಯ ಛತ್ರಿ, ಮರದ ಹಿಡಿಯದು. ಮಳೆಗಾಲ ಹತ್ತಿರ ಬಂತು. ಯಾರಿಗೂ ಹೇಳಿಲ್ಲ.

ಏಪ್ರಿಲ್ 29

ಛತ್ರಿ ಇಲ್ಲ! ನಾನು ಹೇಳಿರಲಿಲ್ಲವೇ? ಮೇಡಂಗೆ ತೋರಿಸಿದೆ. ಯಾರಿಗೋ ಬೇಕಾಗಿತ್ತು ಬಿಡಿ ಎಂದು ನಕ್ಕರು. ಮಗಳೂ ನಕ್ಕಳು. ಇವರು ಮನೆಯಲ್ಲಿ ಕೇಳಿ ಬಿದ್ದು ಬಿದ್ದು ನಕ್ಕರು. ನಗಲಿ. ಒಳ್ಳೆಯ ಛತ್ರಿ ಅದು.

ಮೇ 6

ಛತ್ರಿ ಇದೆ. ಒಣಗಿಸಿ, ಸುತ್ತಿ, ಗುಂಡಿ ಹಾಕಿ ಇಟ್ಟಿದ್ದಾರೆ. ತುಂಡಾಗಿದ್ದ ಒಂದು ಕಡ್ಡಿಗೆ ತಂತಿ ಸುತ್ತಿದ್ದಾರೆ, ನನಗೇ ಗೊತ್ತಿರಲಿಲ್ಲ ಅದು ತುಂಡಾಗಿದ್ದು. ಯಾರು ಮಾಡಿರಬಹುದು ಎಂದು ಅಲ್ಲಿದ್ದವರನ್ನೆಲ್ಲ ಒಬ್ಬೊಬ್ಬರಾಗಿ ನೋಡಿದೆ. ಒಬ್ಬರೂ ಸಿಕ್ಕಿಬೀಳಲಿಲ್ಲ. ಬಹಳ ಪಳಗಿದವರು.

ಮನೆಗೆ ತರಬೇಕೆಂದು ಎತ್ತಿಕೊಂಡಿದ್ದೆ. ಅಲ್ಲೇ ಇರಲಿ ಎಂದು ಇಟ್ಟು ಬಂದೆ. ಇನ್ನೊಂದು ಸಲ ಪರೀಕ್ಷೆ ಆಗಲಿ.

ಮೇ 9

ಸೂಪರ್‌ವೈಸರ್ ಕರೆದು ಹೇಳಿದ, ಈಚೆಗೆ ನಿಮ್ಮ ಸಾಲು ನಿಧಾನವಾಗುತ್ತಿದೆ, ಬ್ಯಾಗು ಬಿಟ್ಟು ಜನರ ಮುಖ ನೋಡುತ್ತ ನಿಲ್ಲುತ್ತೀರಿ ಎಂದು. ನಾನೇನೂ ಹಾಗೆ ನಿಂತಿಲ್ಲ. ಇವನಿಗೆ ಏನಾದರೊಂದು ಹೇಳಬೇಕು. ಇವತ್ತು ಮಾತ್ರ ಒಬ್ಬ ಹುಡುಗಿ, ಬೆನ್ನಿಗೆ ಕಾಲೇಜು ಬ್ಯಾಗು, ನಡುಗುತ್ತಿದ್ದಳು. ಪರೀಕ್ಷೆಯೇನಮ್ಮ ಎಂದು ಕೇಳಿದೆ. ಹೌದು ಆಂಟಿ, ಬಸ್ಸು ತಪ್ಪುತ್ತದೆ ಎಂದಳು. ಹೋಗು ಎಂದೆ. ಅಷ್ಟಕ್ಕೆ ಎಷ್ಟು ಹೊತ್ತು ಹಿಡಿಯುತ್ತದೆ?

ಟ್ರಯಲ್ ರೂಮಿನವಳು ತನ್ನ ಅಕ್ಕನ ಮಗ ಈಗೀಗ ಮಾತೇ ಆಡುವುದಿಲ್ಲ ಎಂದು ಪೇಚಾಡುತ್ತಿದ್ದಳು. ಅವನಿಗೆ ಏನಾದರೂ ಬೇಕಾಗಿರಬಹುದು, ಕೇಳಲು ನಾಚಿಕೊಂಡಿರಬಹುದು, ಎದುರಿಗೆ ಕೂತು ಕೇಳಲಿ ನಿಮ್ಮಕ್ಕ ಎಂದೆ. ಅವಳು ನನ್ನನ್ನು ವಿಚಿತ್ರವಾಗಿ ನೋಡಿದಳು. ಅವಳಿಗೆ ಎಲ್ಲದರಲ್ಲೂ ಅನುಮಾನ.

ಮೇ 20

ಮಗಳು ಪ್ರಾಕ್ಟಿಕಲ್ ಪಾಸಾಗಿದ್ದಾಳೆ. ಚಪ್ಪಲಿ ಬಿಡುವ ಮೊದಲೇ ಹೇಳಿದಳು. ಬಸ್ಸಿನಲ್ಲಿ ಯಾರು ಯಾರ ಕಾಲು ತುಳಿದರು ಎನ್ನುವುದೂ ಬಂತು. ಇವರು ಬೇಕರಿಯಿಂದ ಕೇಕು ತಂದಿದ್ದರು. ಮಾಲೀಕರನ್ನು ಕೇಳಿದೆಯಾ ಅಪ್ಪ ಎಂದಳು.

ಕೊನೆಯ ವರ್ಷದ ಮಕ್ಕಳು ಓದು ಮುಗಿಸಿ ಹೊರಟಿದ್ದಾರೆ. ತಮ್ಮ ಕೋಟುಗಳನ್ನು ಬೀರುವಿನ ಪಕ್ಕ ರಾಶಿ ಹಾಕಿದ್ದಾರೆ, ಕಾಲರಿನಲ್ಲಿ ಹೆಸರಿನ ಪಟ್ಟಿ ಹಾಗೇ ಇದೆ. ಹೊಸ ಮಕ್ಕಳು ಬರುವುದರೊಳಗೆ ಎಲ್ಲ ಬಿಚ್ಚಬೇಕು. ಮೇಡಂ ಕತ್ತರಿ ಹಿಡಿದು ಕೂತಿದ್ದರು. ಆಕೆ ಬಿಚ್ಚುವ ರೀತಿ ನೋಡಲಾಗಲಿಲ್ಲ. ದಾರ ಎಳೆದು ಬಟ್ಟೆ ಜಗ್ಗಿ, ತೂತುಗಳು ಬಾಯಿ ಬಿಟ್ಟುಕೊಂಡು ಕೂತಿರುತ್ತವೆ. ಕೊಡಿ ಇಲ್ಲಿ ಎಂದು ಎಲ್ಲವನ್ನೂ ಗಂಟು ಕಟ್ಟಿಕೊಂಡು ಮನೆಗೆ ತಂದೆ. ಆ ಬೀಗವಿಲ್ಲದ ಕೋಣೆಯಲ್ಲಿ ರಾಶಿ ಬಿದ್ದಿರುವುದಕ್ಕಿಂತ ನನ್ನ ಕಣ್ಣೆದುರು ಇರುವುದು ವಾಸಿ.

ಮನೆ ತುಂಬ ಬೇರೆಯವರ ಕೋಟು. ಮಂಚದ ಮೇಲೆ, ಕುರ್ಚಿಯ ಮೇಲೆ, ಬಾಗಿಲ ಹಿಂದಿನ ಮೊಳೆಯ ಮೇಲೆ. ಇವರು ಬಂದವರು ಎಲ್ಲಿ ಕೂರಲಿ ಎಂದು ಕೇಳಿದರು. ನಿಂತಿರಿ ಎಂದೆ. ಮಗಳು ಪಟ್ಟಿ ಬಿಚ್ಚಿ ಕೊಡುತ್ತಾಳೆ. ನಾನು ಸೂಜಿಯ ಹಿಂಬದಿಯಿಂದ ಒಂದೊಂದೇ ತೂತನ್ನು ಉಜ್ಜಿ, ನೀರು ಚಿಮುಕಿಸಿ, ಒಳಗಿನಿಂದ ಬಿಸಿ ಇಸ್ತ್ರಿ ಒತ್ತುತ್ತೇನೆ. ನೂಲುಗಳು ಒಂದಕ್ಕೊಂದು ಸರಿದು ತೂತು ಮುಚ್ಚಿಕೊಳ್ಳುತ್ತದೆ. ಮುಚ್ಚಲು ಬರುವುದಿಲ್ಲ ಎಂದುಕೊಂಡಿದ್ದೆ, ಬರುತ್ತದೆ.

ಇಷ್ಟು ಕಷ್ಟ ಯಾಕಮ್ಮ, ಕಾಲರ್ ಮಡಚಿ ಯಾರು ನೋಡುತ್ತಾರೆ ಎಂದಳು ಮಗಳು. ಹೊಲಿಗೆ ಬಿಚ್ಚಿದ ಗುರುತು ಒಂದೂ ಕಾಣಬಾರದು ಎಂದೆ. ಯಾವುದೋ ಮನೆಯಲ್ಲಿ ಮಗಳು ಸ್ನಾನಕ್ಕೆ ಹೋದಾಗ ನೋಡುವವಳೊಬ್ಬಳು ಇದ್ದೇ ಇರುತ್ತಾಳೆ.